ಕಾರ್ಡಿಗೂ ಬೋರ್ಡಿಗೂ ಕೈಬರಹದ ಫಾಂಟ್: ಬಳಸುವುದು ಹೇಗೆ?

ಮೆಹಂದಿ ಕಾರ್ಡ್, ಹೋಮ್‌ಸ್ಟೇ ಬೋರ್ಡ್, ಜ್ಯೂಸ್ ಅಂಗಡಿಯ ಮೆನು. ಮಂಗಳೂರು, ಉಡುಪಿ ಕಡೆ ಈಗ ಎಲ್ಲದಕ್ಕೂ ಕೈಬರಹದಂಥ ಫಾಂಟೇ ಬೇಕು. ಹಾಕಿ, ಚೆನ್ನಾಗಿಯೇ ಕಾಣುತ್ತದೆ. ಆದರೆ ಮೊದಲು ಯಾವ ಸಾಲಿಗೆ ಅಂತ ತೀರ್ಮಾನಿಸಿ. ಮದುಮಕ್ಕಳ ಹೆಸರಿಗೆ ಅಥವಾ ಅಂಗಡಿ ಹೆಸರಿಗೆ ಸಾಕು. ದಿನ, ಹಾಲ್, ಫೋನ್ ನಂಬರ್ ಎಲ್ಲ ನೋಟೊ ಸಾನ್ಸ್ ಕನ್ನಡದಂಥ ಸರಳ ಅಕ್ಷರದಲ್ಲಿರಲಿ. ಮುಹೂರ್ತ ಎಷ್ಟು ಗಂಟೆಗೆ ಅಂತ ಅಜ್ಜ ಕನ್ನಡಕ ಏರಿಸಿ ಇಳಿಸಿ ಹುಡುಕುವಂತಾಗಬಾರದು, ಅಲ್ವಾ?

ಇನ್ನು ಫಾಂಟ್ ಆರಿಸಿ. ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ, ಕನ್ನಡದಲ್ಲಿ ಕಡಿಮೆ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ‘ಹುಬ್ಬಳ್ಳಿ’ಯಿಂದ ಶುರು ಮಾಡಬಹುದು. ಗೆರೆ ಎಲ್ಲ ಕಡೆ ಒಂದೇ ದಪ್ಪ, ಬಿಗುಮಾನ ಇಲ್ಲ, ಉಚಿತ, ವ್ಯಾಪಾರಕ್ಕೂ ಬಳಸಬಹುದು. ಬೇರೆ ಕಡೆಯಿಂದ ಇಳಿಸಿಕೊಂಡರೆ ಲೈಸೆನ್ಸ್ ಓದಿ.

ಫಾಂಟನ್ನು ‘ಮನೆ’, ‘ಕಡಲು’ ಅಂತ ಟೈಪ್ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ‘ಶ್ರೀ ಕ್ಷೇತ್ರ’, ‘ಸೂರ್ಯ’, ‘ಜ್ಞಾನ’, ‘ರಾಷ್ಟ್ರೀಯ’ ಹಾಕಿ. ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ ತಪ್ಪು ಫಾಂಟಿನದ್ದೇ ಇರಬೇಕೆಂದಿಲ್ಲ, ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಆಗಿದೆಯೇ ನೋಡಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈಗ ನಿಜವಾದ ಕೆಲಸ, ಫಾಂಟನ್ನು ಕೈಬರಹದಂತೆಯೇ ಕಾಣಿಸುವುದು. 1843ರಲ್ಲಿ ಮಂಗಳೂರಿನಲ್ಲಿ ಶುರುವಾದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ, ಅಂದರೆ ಕೈಯಲ್ಲಿ ಬರೆದದ್ದೇ ಅಚ್ಚಾಗುತ್ತಿತ್ತು. ಕೈಯಲ್ಲಿ ಬರೆದರೆ ಒಂದು ‘ಮ’ ಇನ್ನೊಂದರ ಹಾಗೆ ಇರುವುದಿಲ್ಲ. ಫಾಂಟಿನಲ್ಲಿ ಹಾಗಲ್ಲ. ‘ಅಮ್ಮನ ಮನೆ’ ಅಂತ ಬರೆದರೆ ಎರಡೂ ‘ಮ’ ಅಚ್ಚೊತ್ತಿದಂತೆ ಒಂದೇ, ಕೈಬರಹ ಅಲ್ಲ ಅಂತ ಕೂಡಲೇ ಗೊತ್ತಾಗುತ್ತದೆ. ಬದಲಿ ಅಕ್ಷರಗಳು, ಅಂದರೆ ಒಂದೇ ಅಕ್ಷರಕ್ಕೆ ಬೇರೆ ಬೇರೆ ರೂಪ ಇರುವ ಫಾಂಟ್ ಆದರೆ ಅವನ್ನು ಬಳಸಿ. ಇಲ್ಲದಿದ್ದರೆ ಹೆಸರನ್ನು ಕರ್ವ್ಸ್‌ಗೆ (ಟೈಪ್ ಮಾಡಿದ ಅಕ್ಷರದ ಬದಲು ಬರೀ ಆಕಾರದ ಗೆರೆಗಳಿಗೆ) ಬದಲಿಸಿ, ಒಂದು ‘ಮ’ವನ್ನು ಒಂದೆರಡು ಡಿಗ್ರಿ ವಾಲಿಸಿ, ಅದರ ತಲೆಕಟ್ಟನ್ನು ಚೂರು ಎಳೆಯಿರಿ. ಜಾಸ್ತಿ ಕುಣಿಸಬೇಡಿ, ಚೂರು ಸಾಕು.

ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ ಎರಡು ಮಾತು. ಫ್ರಾನ್ಸಿನ ರೋಜೆ ಎಕ್ಸ್‌ಕಾಫೋನ್ 1953ರಲ್ಲಿ ತನ್ನದೇ ಕೈಬರಹದಿಂದ ಮಾಡಿದ ‘ಮಿಸ್ಟ್ರಲ್’ನಂಥ ಫಾಂಟುಗಳಲ್ಲಿ ಸಣ್ಣಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನಡುವೆ ಅಂತರ ಹೆಚ್ಚಿಸಿದರೆ ಕೊಂಡಿ ತುಂಡಾಗುತ್ತದೆ. ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಂತೂ ಬೇಡವೇ ಬೇಡ, ಓದಲಾಗುವುದಿಲ್ಲ. ಕನ್ನಡದ ಗೆರೆ ತೆಳುವಾಗಿದ್ದರೆ ಇಂಗ್ಲಿಷಿಗೂ ತೆಳು ಗೆರೆಯದ್ದನ್ನೇ ಹುಡುಕಿ.

ಬೋರ್ಡ್ ಆದರೆ ಹೆಸರನ್ನು ಕಾಗದದಲ್ಲಿ ನಿಜವಾದ ಅಳತೆಗೆ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿ ನಿಂತು ಓದಿ. ಬಸ್ಸಿನಲ್ಲಿ ಹೋಗುವವರಿಗೆ ಸಿಗುವುದು ಒಂದು ಕ್ಷಣ ಅಷ್ಟೇ, ಆಗ ತೆಳು ಗೆರೆ ಕಾಣುವುದೇ ಇಲ್ಲ.

ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರದಿರಬಹುದು. ಹಾಗಾಗಿ ಎಲ್ಲ ಅಕ್ಷರವನ್ನೂ ಕರ್ವ್ಸ್ ಮಾಡಿಯೇ ಫೈಲ್ ಕಳಿಸಿ. ತಿದ್ದಲು ಬರುವ ಪ್ರತಿ ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಮದುವೆ ಹಾಲ್ ಕೊನೆಗಳಿಗೆಯಲ್ಲಿ ಬದಲಾಗುವುದುಂಟು.