ನಿಂತ ಆಲ್ಕೊ ಎಂಜಿನ್ ಅನ್ನು ಮತ್ತೆ ಎಬ್ಬಿಸಿದ ಬಗೆ

ಹಳೆಯ ಡೀಸೆಲ್ ರೈಲು ಎಂಜಿನ್ ಉಳಿಸಬೇಕೆಂದರೆ ಬಹಳ ಮಂದಿ ಮೊದಲು ಬಣ್ಣದ ಮಾತೆತ್ತುತ್ತಾರೆ. ಡೀಸೆಲ್ ಷೆಡ್‌ನಲ್ಲಿ ಫಿಟ್ಟರ್ ಆಗಿ ದುಡಿದ ನನಗೆ ಅದು ಒಪ್ಪಿಗೆಯಿಲ್ಲ. ತಿರುಗದ ಎಂಜಿನ್ ಒಳಗಿನಿಂದ ಕೊಳೆಯುತ್ತದೆ. ಮೇಲಿನ ಬಣ್ಣ ಅದನ್ನು ಮುಚ್ಚಿಡುತ್ತದೆ, ಅಷ್ಟೇ.

ನಿವೃತ್ತಿಯ ನಂತರ ನನ್ನ ಕೈಗೆ ಬಂದದ್ದು ಡಬ್ಲ್ಯುಡಿಎಂ-2 ಎಂಬ ಮಾದರಿಯ ಒಂದು ರೈಲು ಎಂಜಿನ್. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದ ಈ ಮಾದರಿ 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿತು. 1969ರಲ್ಲಿ ಆಲ್ಕೊ ಎಂಜಿನ್ ತಯಾರಿಕೆ ನಿಲ್ಲಿಸಿದ ಮೇಲೂ ನಮ್ಮಲ್ಲಿ ಅದರ ಕೆಲಸ ನಿಲ್ಲಲಿಲ್ಲ. 16 ಸಿಲಿಂಡರ್, 2600 ಅಶ್ವಶಕ್ತಿ, ಸುಮಾರು 113 ಟನ್ ತೂಕ. ಗೂಡ್ಸ್ ಆಗಲಿ ಮೇಲ್ ಆಗಲಿ, ಯಾವುದಕ್ಕೂ ಒಲ್ಲೆ ಎನ್ನದ ಎಂಜಿನ್. ಹಳಿಯ ಮೇಲೆ ವಿದ್ಯುತ್ ತಂತಿ ಬಂದಂತೆಲ್ಲ ಇವು ಸಾಲುಸಾಲಾಗಿ ಗುಜರಿಗೆ ಹೋದವು. ಈ ಮಾದರಿಯ ಮೊದಲನೆಯದಾದ 18040 ಸಂಖ್ಯೆಯ ಎಂಜಿನ್ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ ಎನ್ನುವುದೇ ನಮ್ಮಂಥವರಿಗೆ ಸಮಾಧಾನ.

ನಾನು ಮೊದಲು ನೋಡಿದ್ದು ಹೊಗೆ ಕೊಳವೆಯನ್ನು. ಬಯಲಲ್ಲಿ ನಿಂತ ಎಂಜಿನ್‌ಗೆ ಮಳೆನೀರು ಇಳಿಯುವುದೇ ಅಲ್ಲಿಂದ. ಹೊಗೆಯ ರಭಸಕ್ಕೆ ಸುತ್ತಿ ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ದಾಟಿ, ತೆರೆದು ನಿಂತ ಎಗ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್ ಸೇರುತ್ತದೆ. ನೀರನ್ನು ಪಿಸ್ಟನ್ ಅದುಮಲಾರದು. ಹಾಗೆಯೇ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಿಯೇ ಹೋಗುತ್ತದೆ. ಆದ್ದರಿಂದ ಬ್ಯಾಟರಿ ಸ್ವಿಚ್ ಬಿಡಿಸಿ, ಹದಿನಾರು ಸಿಲಿಂಡರ್ ಹೆಡ್‌ಗಳ ರಂಧ್ರ ಮುಚ್ಚುವ ಡಿಕಂಪ್ರೆಷನ್ ಪ್ಲಗ್‌ಗಳನ್ನೂ ತೆಗೆದು, ಸಲಾಕೆ ಹಾಕಿ ಕೈಯಿಂದಲೇ ಬಾರಿಂಗ್, ಅಂದರೆ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಅನ್ನು ನಿಧಾನವಾಗಿ ತಿರುಗಿಸುವುದನ್ನು, ಶುರು ಮಾಡಿದೆವು. ಫೋರ್ ಸ್ಟ್ರೋಕ್ ಎಂಜಿನ್‌ಗೆ ಒಂದು ಸುತ್ತು ಸಾಲದು. ಎಲ್ಲ ಸಿಲಿಂಡರ್‌ಗಳ ಎಲ್ಲ ಹೊಡೆತಗಳೂ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಎರಡು ರಂಧ್ರಗಳಿಂದ ತುಕ್ಕುಗೆಂಪು ನೀರು ಚಿಮ್ಮಿತು. ಅದು ಪೂರ್ತಿ ನಿಲ್ಲುವವರೆಗೂ ತಿರುಗಿಸಿದೆವು.

ಆಮೇಲೆ ಎಣ್ಣೆ. ತಿಂಗಳುಗಟ್ಟಲೆ ನಿಂತಾಗ ಬೇರಿಂಗ್‌ಗಳಲ್ಲಿ ಎಣ್ಣೆಯ ಪದರ ಉಳಿದಿರುವುದಿಲ್ಲ. ಹೊರಗಿನಿಂದ ಮೋಟಾರ್ ಪಂಪ್ ಜೋಡಿಸಿ, ಹೆಡ್‌ಗಳ ಮುಚ್ಚಳ ತೆಗೆದು ಕಾದು ಕುಳಿತೆವು. ವಾಲ್ವ್ ಒತ್ತುವ ಕೊನೆಯ ರಾಕರ್ ಆರ್ಮ್ ಮೇಲೂ ಎಣ್ಣೆ ಜಿನುಗುವುದನ್ನು ಕಣ್ಣಾರೆ ಕಂಡ ಮೇಲಷ್ಟೇ ಪಂಪ್ ನಿಲ್ಲಿಸಿದ್ದು. ಗೇಜ್ ಏನನ್ನೇ ತೋರಿಸಲಿ, ನನಗೆ ಅದು ಸಾಲದು.

ಈ ಎಂಜಿನ್‌ನಲ್ಲಿ ಮುಖ್ಯ ಜನರೇಟರ್‌ಗೇ ಬ್ಯಾಟರಿ ಕರೆಂಟ್ ಕೊಟ್ಟು ಅದನ್ನು ಸ್ಟಾರ್ಟರ್ ಆಗಿ ಬಳಸುತ್ತಾರೆ. ಅದರ ಸುರುಳಿಗಳಿಗೆ ತೇವ ಹಿಡಿದಿತ್ತು, ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ಮುಳ್ಳು ಮೇಲೇಳಲಿಲ್ಲ. ಒಳಗೆ ಬಲ್ಬುಗಳನ್ನು ಉರಿಸಿಟ್ಟು, ಇನ್ಸುಲೇಷನ್ ಚೇತರಿಸಿಕೊಳ್ಳುವವರೆಗೆ ಒಣಗಿಸಿದೆವು. ರೇಡಿಯೇಟರ್‌ಗೆ ಹಿಂದೆ ಹಾಕುತ್ತಿದ್ದ ಕ್ರೋಮೇಟ್ ನೀರು ಹಳದಿ. ಎಲ್ಲಿ ಸೋರಿದರೂ ಕಲೆ ಬೀಳುತ್ತಿತ್ತು, ಸೋರಿಕೆ ಹುಡುಕುವುದು ಸುಲಭ. ಆದರೆ ಅದು ಚರ್ಮಕ್ಕೂ ನೆಲಕ್ಕೂ ವಿಷ. ನಾವು ಬೇರೆ ತುಕ್ಕುನಿರೋಧಕ ಬಳಸಿದೆವು.

ಸ್ಟಾರ್ಟ್ ಆದ ದಿನ ದಟ್ಟ ಕಪ್ಪು ಹೊಗೆ ಕಾರಿ, ಕೆಮ್ಮಿ, ಮೆಲ್ಲಗೆ ಅದರ ಲಯಕ್ಕೆ ಬಂತು. ಹೊರೆಯಿಲ್ಲದೆ ಐಡಲ್‌ನಲ್ಲಿ ನಿಮಿಷಕ್ಕೆ 400 ಸುತ್ತು. ಆ ಸದ್ದಿಗೆ ನನ್ನ ಕಣ್ಣು ತುಂಬಿತು, ಹೇಳಲು ಸಂಕೋಚವಿಲ್ಲ. ಆದರೂ ನನಗೆ ಮುಖ್ಯವಾದದ್ದು ಎಂಜಿನ್ ನಿಲ್ಲಿಸಿದ ನಂತರದ ಪರೀಕ್ಷೆ. ಎಂಜಿನ್ ನಿಂತ ಮೇಲೂ ಟರ್ಬೊ ತನ್ನಷ್ಟಕ್ಕೆ 90ರಿಂದ 180 ಸೆಕೆಂಡು ಸುತ್ತಬೇಕು. ಅದಕ್ಕಿಂತ ಬೇಗ ನಿಂತರೆ ಬೇರಿಂಗ್ ಬಿಗಿದಿದೆ ಎಂದೇ ಅರ್ಥ. ಗಡಿಯಾರ ಹಿಡಿದು, ಟರ್ಬೊ ಕವಚಕ್ಕೆ ಕಿವಿಗೊಟ್ಟು ಎಣಿಸಿದೆ. ಎರಡು ನಿಮಿಷ ದಾಟಿತು.

ಈಗ ತಿಂಗಳಿಗೊಮ್ಮೆ ಊರಿನ ಐಟಿಐ ಹುಡುಗರು ಬಂದು ಬಾರಿಂಗ್ ಮಾಡುತ್ತಾರೆ. ಪ್ರತಿ ಸಲವೂ ಕ್ರ್ಯಾಂಕ್ ಅನ್ನು ಬೇರೆ ಜಾಗದಲ್ಲಿ ನಿಲ್ಲಿಸಿ ಅಲ್ಲಿಯೇ ಸೀಮೆಸುಣ್ಣದ ಗುರುತು ಹಾಕಬೇಕೆಂದು ಹೇಳಿಕೊಟ್ಟಿದ್ದೇನೆ. ಒಂದೇ ಜಾಗದಲ್ಲಿ ನಿಂತರೆ ಅವೇ ವಾಲ್ವ್ ಸ್ಪ್ರಿಂಗ್‌ಗಳು ಸದಾ ಅದುಮಿಕೊಂಡಿರುತ್ತವೆ, ಸಿಲಿಂಡರ್ ಒಳಗೋಡೆಯಾದ ಲೈನರ್‌ನ ಅದೇ ಜಾಗದಲ್ಲಿ ಪಿಸ್ಟನ್ ರಿಂಗ್ ಕಚ್ಚಿಕೊಳ್ಳುತ್ತದೆ.