ಮಾನಿಟರ್ ಕೊಳ್ಳುವ ಮುಂಚೆ ನಿಮ್ಮ ಕೋಣೆ ನೋಡಿ

ಮಾನಿಟರ್ ಬೇಕೆಂದ ತಕ್ಷಣ ಅಂಗಡಿಗೆ ಓಡಬೇಡಿ. ಮಧ್ಯಾಹ್ನ 3 ಗಂಟೆಗೆ ನಿಮ್ಮ ಕೋಣೆಯಲ್ಲಿ ಹೋಗಿ ನಿಲ್ಲಿ. ಬಳ್ಳಾರಿಯ ಬಿಸಿಲು ಗೊತ್ತಲ್ವಾ? ಕಿಟಕಿಗೆ ಬಟ್ಟೆ ಇಳಿಬಿಟ್ಟರೂ ಬೆಳಕು ಒಳಗೆ ಬಂದೇ ಬರುತ್ತದೆ. ಅದು ಟೇಬಲ್ಲಿಗೆ ಯಾವ ಕಡೆಯಿಂದ ಬೀಳುತ್ತದೆ ನೋಡಿಕೊಳ್ಳಿ. ಸ್ಕ್ರೀನ್ ಕಿಟಕಿಗೆ ಎದುರಾಗಿ ಇರಬಾರದು, ಪಕ್ಕಕ್ಕಿರಬೇಕು.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಗೇಮ್ ಆಡುವುದು, ಸಿನಿಮಾ ನೋಡುವುದು ಹಗಲಲ್ಲೋ, ರಾತ್ರಿ ಲೈಟ್ ಆರಿಸಿಯೋ? ಯಾವ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಸ್ಕ್ರೀನ್ ಯಾವ ಬಗೆಯದು ಬೇಕು ಎಂಬುದು ಇದರ ಮೇಲೇ ನಿಂತಿದೆ. ವಿಎ, ಐಪಿಎಸ್ ಎಂಬ ಎರಡು ಬಗೆ ನೋಡೋಣ.

ರಾತ್ರಿ ಒಬ್ಬರೇ ಸಿನಿಮಾ ನೋಡುವವರಿಗೆ ವಿಎ ಪ್ಯಾನೆಲ್ ಚೆನ್ನ. ಅದರ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ, ಸುಮಾರು 3000:1 ಇರುತ್ತದೆ, ಕತ್ತಲ ದೃಶ್ಯ ಕಪ್ಪಗೇ ಕಾಣುತ್ತದೆ. ಐಪಿಎಸ್‌ನಲ್ಲಿ ಇದು 1000:1ರ ಸುತ್ತಮುತ್ತ, ಹಾಗಾಗಿ ಕಪ್ಪು ಸ್ವಲ್ಪ ಬೂದು ಬಣ್ಣವಾಗಿ ಕಾಣುತ್ತದೆ. ಆದರೆ ಅಗ್ಗದ ವಿಎಗಳಲ್ಲಿ ಜೋರು ಓಡಾಟದ ಗೇಮ್ ಆಡುವಾಗ ಕಪ್ಪು ಜಾಗದಲ್ಲಿ ನೆರಳು ಎಳೆದಂತೆ ಕಾಣಬಹುದು. ಹಗಲಲ್ಲಿ ಆಡುವುದಿದ್ದರೆ, ಮನೆಮಂದಿಯೆಲ್ಲ ಮಂಚದ ಮೇಲೆ, ನೆಲದ ಮೇಲೆ ಕೂತು ನೋಡುವುದಿದ್ದರೆ ಐಪಿಎಸ್ ತೆಗೆದುಕೊಳ್ಳಿ. ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಸ್ಕ್ರೀನಿನ ಬೆಳಕು 300 ನಿಟ್ಸ್ (ಬೆಳಕಿನ ಅಳತೆ) ಇದ್ದರೆ ನಮ್ಮ ಕೋಣೆಗಳಿಗೆ ಒಳ್ಳೆಯದು. ನನ್ನನ್ನು ಕೇಳಿದರೆ ನಮ್ಮೂರಿನ ಹೆಚ್ಚಿನ ಮನೆಗಳಿಗೆ ಐಪಿಎಸ್ಸೇ ಸರಿ.

ಅಳತೆಯ ಲೆಕ್ಕ ಸುಲಭ. ಫುಲ್ ಎಚ್‌ಡಿ ಬೇಕಿದ್ದರೆ 24 ಇಂಚು ಸಾಕು. ಅದೇ 1920x1080 ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ ಹತ್ತಿರದಿಂದ ಅಕ್ಷರ ಒರಟಾಗಿ ಕಾಣುತ್ತದೆ. 27 ಇಂಚೇ ಬೇಕೆಂದರೆ 1440ಪಿ, ಅಂದರೆ 2560x1440 ಚುಕ್ಕಿಗಳದ್ದು ನೋಡಿ. ಆದರೆ ಅಷ್ಟು ಚುಕ್ಕಿ ತುಂಬಿಸಲು ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೆ ಕಾರ್ಡ್ ಇಟ್ಟುಕೊಂಡು ದೊಡ್ಡ ಮಾನಿಟರ್ ತಂದರೆ ಗೇಮ್ ತಡವರಿಸುತ್ತದೆ.

ಇನ್ನು ಹರ್ಟ್ಸ್. ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ ಇದು. ಗೇಮ್‌ಗೆ ಜಾಸ್ತಿ ಇದ್ದಷ್ಟೂ ನುಣುಪು ಎಂದು ಎಲ್ಲರಿಗೂ ಗೊತ್ತು. ಸಿನಿಮಾಕ್ಕೂ ಇದರಿಂದ ಲಾಭವಿದೆ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. 60 ಹರ್ಟ್ಸ್ ಸ್ಕ್ರೀನ್‌ಗೆ 24 ಸರಿಯಾಗಿ ಭಾಗವಾಗುವುದಿಲ್ಲ. ಹಾಗಾಗಿ ಒಂದು ಚಿತ್ರವನ್ನು 2 ಸಲ, ಮುಂದಿನದನ್ನು 3 ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯುವಾಗ ಚಿತ್ರ ಕುಲುಕಿದಂತೆ ಕಾಣುವುದು ಇದಕ್ಕೇ. 144 ಹರ್ಟ್ಸ್‌ನಲ್ಲಿ ಪ್ರತಿ ಚಿತ್ರವೂ ಸರಿಯಾಗಿ 6 ಸಲ ಬರುತ್ತದೆ, 120ರಲ್ಲಿ 5 ಸಲ. ಗೇಮ್, ಸಿನಿಮಾ ಎರಡರ ಆಸೆಯೂ ಇದ್ದವರು ಇಲ್ಲಿ ದುಡ್ಡು ಹಾಕಬೇಕು. ಗೇಮ್‌ನ ವೇಗಕ್ಕೆ ಸ್ಕ್ರೀನಿನ ಹರ್ಟ್ಸ್ ಹೊಂದಿಸುವ ಫ್ರೀಸಿಂಕ್ ಇದೆಯಾ ಅಂತಲೂ ಕೇಳಿ. ಇದ್ದರೆ ಗೇಮ್‌ನ ವೇಗ ಏರಿಳಿದಾಗ ಚಿತ್ರ ಹರಿದಂತೆ ಕಾಣುವುದು ತಪ್ಪುತ್ತದೆ.

ಅಗ್ಗದ ಮಾನಿಟರ್‌ನ ಡಬ್ಬದ ಮೇಲೆ ಎಚ್‌ಡಿಆರ್ (ತೀರಾ ಬೆಳಗುವ, ತೀರಾ ಕತ್ತಲ ಜಾಗ ಎರಡನ್ನೂ ಚೆನ್ನಾಗಿ ತೋರಿಸುವ ಸೌಲಭ್ಯ) ಎಂದಿದ್ದರೆ ಅದಕ್ಕಾಗಿ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. 250–300 ನಿಟ್ಸ್ ಬೆಳಕಿನಲ್ಲಿ ಅದರ ಅಂದ ಕಾಣುವುದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ ಲ್ಯಾಪ್‌ಟಾಪ್ ಜೊತೆಗಿರಲಿ. ಕತ್ತಲ ದೃಶ್ಯವಿರುವ ನಿಮ್ಮ ಮೆಚ್ಚಿನ ಸಿನಿಮಾ ಹಾಕಿ, ಎದುರಿನಿಂದ, ಪಕ್ಕದಿಂದ ನೋಡಿ. ಸ್ಪೀಕರ್ ಇದೆಯಾ ಕೇಳಿ. ಎಷ್ಟೋ ಮಾನಿಟರ್‌ಗಳಲ್ಲಿ ಇರುವುದಿಲ್ಲ. ರಿಪೇರಿಗೆ ನಿಮ್ಮ ಪಿನ್‌ಕೋಡ್‌ಗೆ ಮನೆಗೇ ಬರುತ್ತಾರಾ ಎಂದು ಕೇಳುವುದು ಇನ್ನೂ ಮುಖ್ಯ. ಬರುವುದಿಲ್ಲ ಎಂದರೆ ಡಬ್ಬ, ಥರ್ಮೋಕೋಲ್ ಎರಡನ್ನೂ ಜೋಪಾನವಾಗಿಡಿ. ಮುಂದೆ ಕಳಿಸಬೇಕಾಗಿ ಬಂದರೆ ಬೇಕಾಗುತ್ತದೆ.

ಮನೆಗೆ ತಂದ ಮೇಲೆ ಒಂದು ಕೆಲಸ ಮರೆಯಬೇಡಿ. ಕೌಲ್ ಬಜಾರಿನಲ್ಲಿರುವ ನನ್ನ ಅಕ್ಕನ ಮಗ 144 ಹರ್ಟ್ಸ್ ಮಾನಿಟರ್ ತಂದು ಮೂರು ತಿಂಗಳು ಆಡಿದ್ದ. “ಮಾಮಾ, ಹಳೇದಕ್ಕೂ ಇದಕ್ಕೂ ಫರಕ್ಕೇ ಗೊತ್ತಾಗವಲ್ದು” ಅಂದ. ಹೋಗಿ ನೋಡಿದರೆ ಅದು 60ರಲ್ಲೇ ಓಡುತ್ತಿತ್ತು. ಪಾಪ, ಕೂಡಿಟ್ಟ ದುಡ್ಡಲ್ಲಿ ತಂದಿದ್ದ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ನೀವೇ ದೊಡ್ಡ ಅಂಕಿ ಆರಿಸಬೇಕು. ಅಲ್ಲಿ ಕಾಣದಿದ್ದರೆ ಕೇಬಲ್ ಬದಲಿಸಿ. ಕೆಲವು ಮಾನಿಟರ್‌ಗಳಲ್ಲಿ ಪೂರ್ತಿ ಹರ್ಟ್ಸ್ ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ಕೇಬಲ್‌ನಿಂದ ಮಾತ್ರ ಸಿಗುತ್ತದೆ.

ಗೋಡೆಗೆ ಅಂಟಿಸಿ ಇಡಬೇಡಿ. ಹೆಚ್ಚಿನ ಮಾನಿಟರ್‌ಗಳ ಕೈಪಿಡಿಯಲ್ಲಿ 40 ಡಿಗ್ರಿವರೆಗಿನ ಶಾಖಕ್ಕೆ ಎಂದು ಬರೆದಿರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳು ಅದನ್ನೂ ದಾಟುತ್ತದೆ, ಹಾಗಾಗಿ ಹಿಂದೆ ಗಾಳಿ ಆಡಲಿ. ಕೆಂಧೂಳು ಕೂತರೆ ನೇರವಾಗಿ ಉಜ್ಜಬೇಡಿ. ಮೊದಲು ಮೆತ್ತನೆಯ ಬ್ರಶ್‌ನಿಂದ ಧೂಳು ಉದುರಿಸಿ, ಆಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಗೀರು ಬೀಳುತ್ತದೆ.