ಕುರಿ ಕದ್ದ ಅಪ್ಪ, ಸಾಕ್ಷಿ ಹೇಳಿದ ಮಗ: ಚೀನಾದ ಹಳೆಯ ಚಿಂತಕರನ್ನು ನಾನು ಓದಿದ ರೀತಿ

ಕನ್ಫ್ಯೂಷಿಯಸ್, ಮೋಜಿ, ಮೆನ್ಷಿಯಸ್, ಹಾನ್ ಫೇಯ್ ಇವರನ್ನೆಲ್ಲ ಓದಬೇಕು ಅಂತ ಹೊರಟವರು ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಮೊದಲ ಪುಟದಿಂದ ಹಿಡಿಯುತ್ತಾರೆ. ನಾನು ಹಾಗೆ ಮಾಡಲಿಲ್ಲ. ಒಂದು ಕೇಸು ಹಿಡಿದೆ. ಅದರ ಬಗ್ಗೆ ಯಾರು ಏನು ಹೇಳಿದರು ಅಂತ ಪುಸ್ತಕದಿಂದ ಪುಸ್ತಕಕ್ಕೆ ಹೋದೆ. ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ, ಹೀಗೆ ಓದುವುದು ನನಗೆ ರೂಢಿ. ಚೈನೀಸ್ ಬರುವುದಿಲ್ಲ. ಇಂಗ್ಲಿಷ್ ಅನುವಾದಗಳಲ್ಲೇ ಓದಿದ್ದು. ಮುಖ್ಯ ಎನಿಸಿದ ಕಡೆ ಎರಡು ಅನುವಾದಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತಿದ್ದೆ.

ಕೇಸು ಇರುವುದು ಕನ್ಫ್ಯೂಷಿಯಸ್‌ನ ಮಾತುಗಳ ಸಂಗ್ರಹವಾದ 'ಅನಲೆಕ್ಟ್ಸ್'ನ 13ನೇ ಭಾಗದಲ್ಲಿ. ಚೂ ರಾಜ್ಯದ ಒಬ್ಬ ಅಧಿಪತಿ ಕನ್ಫ್ಯೂಷಿಯಸ್ ಮುಂದೆ ಹೆಮ್ಮೆಯಿಂದ ಹೇಳುತ್ತಾನೆ: ನಮ್ಮ ಕಡೆ ಒಬ್ಬ ನೇರ ಮನುಷ್ಯ ಇದ್ದಾನೆ, ಅವನ ಅಪ್ಪ ಕುರಿ ಕದ್ದಾಗ ತಾನೇ ಸಾಕ್ಷಿ ಹೇಳಿದ. ಕನ್ಫ್ಯೂಷಿಯಸ್ ಇದನ್ನು ಒಪ್ಪುವುದಿಲ್ಲ. ನಮ್ಮ ಕಡೆ ನೇರ ಅನ್ನಿಸಿಕೊಳ್ಳುವವರು ಬೇರೆ ಥರ, ಅಪ್ಪ ಮಗನನ್ನು ಮರೆಮಾಡುತ್ತಾನೆ, ಮಗ ಅಪ್ಪನನ್ನು ಮರೆಮಾಡುತ್ತಾನೆ, ನೇರತನ ಇರುವುದು ಅಲ್ಲೇ ಅನ್ನುತ್ತಾನೆ. ಅಷ್ಟೇ. ಮಾತು ಅಲ್ಲಿಗೆ ಮುಗಿಯುತ್ತದೆ.

ವಕೀಲರಿಗೆ ಇದು ಸುಮ್ನೆ ಓದಿ ಮುಂದೆ ಹೋಗುವ ಮಾತಲ್ಲ. ಗಂಡ ಹೆಂಡತಿ ಮದುವೆಯ ಕಾಲದಲ್ಲಿ ತಮ್ಮೊಳಗೆ ಆಡಿಕೊಂಡ ಮಾತಿಗೆ ನಮ್ಮ 1872ರ ಸಾಕ್ಷ್ಯ ಕಾಯ್ದೆಯ 122ನೇ ಕಲಂ ರಕ್ಷಣೆ ಕೊಟ್ಟಿತ್ತು. 2023ರ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಅಪ್ಪ ಮಕ್ಕಳಿಗೆ ಅಂಥ ರಕ್ಷಣೆ ಇಲ್ಲ. ಹಾಗಾದರೆ ಸರ್ಕಾರದ ಕೈ ಮನೆಯ ಹೊಸ್ತಿಲು ದಾಟಿ ಎಲ್ಲಿಯವರೆಗೆ ಬರಬಹುದು? ಈ ಒಂದು ಪ್ರಶ್ನೆಯನ್ನು ಹಾಳೆಯ ಮೇಲೆ ಬರೆದಿಟ್ಟುಕೊಂಡೇ ಮುಂದೆ ಓದಿದೆ.

ಎರಡನೆಯ ನಿಲ್ದಾಣ ಮೆನ್ಷಿಯಸ್, ಕ್ರಿ.ಪೂ. 4ನೇ ಶತಮಾನದವನು. ಅವನ ಶಿಷ್ಯ ಕೇಳುವ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಪುರಾಣಕಾಲದ ಆದರ್ಶ ರಾಜ ಶುನ್ ಚಕ್ರವರ್ತಿ, ಗಾವ್ ಯಾವ್ ಅವನ ನ್ಯಾಯಾಧಿಕಾರಿ. ಶುನ್‌ನ ಅಪ್ಪ ಕೊಲೆ ಮಾಡಿದರೆ ಏನಾಗಬೇಕು? ಮೆನ್ಷಿಯಸ್ ತಡವರಿಸುವುದಿಲ್ಲ: ಗಾವ್ ಯಾವ್ ಅವನನ್ನು ಹಿಡಿಯಬೇಕು. ಚಕ್ರವರ್ತಿ ತಡೆಯುವುದಿಲ್ಲವೇ? ಅವನು ಹೇಗೆ ತಡೆಯುತ್ತಾನೆ, ಗಾವ್ ಯಾವ್‌ಗೆ ಆ ಅಧಿಕಾರ ಸರಿಯಾಗಿ ಬಂದಿದೆ. ಮತ್ತೆ ಶುನ್ ಏನು ಮಾಡುತ್ತಾನೆ? ಸಾಮ್ರಾಜ್ಯವನ್ನು ಸವೆದ ಚಪ್ಪಲಿಯಂತೆ ಬಿಟ್ಟು, ಅಪ್ಪನನ್ನು ಬೆನ್ನ ಮೇಲೆ ಹೊತ್ತು ಗುಟ್ಟಾಗಿ ಓಡಿಹೋಗುತ್ತಾನೆ. ಸಮುದ್ರದ ದಡದಲ್ಲಿ ಬದುಕುತ್ತಾನೆ, ಸಂತೋಷವಾಗಿ, ರಾಜ್ಯದ ನೆನಪೂ ಇಲ್ಲದೆ.

ನಾನು ಓದಿದ ರಾಜನೀತಿಯ ಉತ್ತರಗಳಲ್ಲಿ ಇದಕ್ಕಿಂತ ಧೈರ್ಯದ್ದು ಕಡಿಮೆ. ಮಗನಾಗಿ ಅಪ್ಪನನ್ನು ಉಳಿಸಿಕೋ, ಆದರೆ ಸಿಂಹಾಸನದ ಮೇಲೆ ಕುಳಿತು ಉಳಿಸಬೇಡ ಅನ್ನುತ್ತಿದ್ದಾನೆ ಮೆನ್ಷಿಯಸ್. ಅಧಿಕಾರವನ್ನೂ ಇಟ್ಟುಕೊಂಡು ಮನೆಯವರನ್ನೂ ಕಾಪಾಡುವ ದಾರಿಯನ್ನು ಅವನು ತೆರೆದಿಟ್ಟಿಲ್ಲ. ಕನ್ಫ್ಯೂಷಿಯಸ್ ಪಂಥ ಅಂದರೆ ಬರೀ ಬಂಧುಪ್ರೇಮ ಅಂತ ಹೇಳುವವರಿಗೆ ಈ ಭಾಗವನ್ನು ತೋರಿಸುತ್ತೇನೆ.

ಮೂರನೆಯದು ಮೋಜಿಯ ಪಂಥ. ನಮ್ಮವರು, ಪರರು ಅಂತ ಭೇದ ಮಾಡದೆ ಎಲ್ಲರ ಹಿತ ನೋಡಬೇಕು ಅನ್ನುವುದು ಇವರ ಮೂಲ ಮಾತು. ಅದು ಎಷ್ಟು ಕಠಿಣವಾಗಬಹುದು ಅನ್ನುವುದಕ್ಕೆ ಒಂದು ಕಥೆ 'ಲ್ಯೂಶಿ ಚುನ್‌ಚಿಯು'ದಲ್ಲಿದೆ. ಚಿನ್ ರಾಜ್ಯದ ಮಂತ್ರಿ ಲ್ಯೂ ಬುವೇ ಕ್ರಿ.ಪೂ. 239ರ ಹೊತ್ತಿಗೆ ವಿದ್ವಾಂಸರಿಂದ ಮಾಡಿಸಿದ ಸಂಕಲನ ಅದು. ಚಿನ್‌ನಲ್ಲಿದ್ದ ಮೋಜಿ ಪಂಥದ ಒಬ್ಬ ಮುಖಂಡನ ಮಗ ಕೊಲೆ ಮಾಡುತ್ತಾನೆ. ರಾಜ ಕರುಣೆ ತೋರಿಸುತ್ತಾನೆ: ನಿಮಗೆ ವಯಸ್ಸಾಗಿದೆ, ಬೇರೆ ಮಗ ಇಲ್ಲ, ಅವನನ್ನು ಕೊಲ್ಲಬೇಡಿ ಅಂತ ಹೇಳಿದ್ದೇನೆ. ಮುದುಕ ಒಪ್ಪುವುದಿಲ್ಲ. ಕೊಂದವನು ಸಾಯಬೇಕು ಅನ್ನುವುದು ನಮ್ಮ ಪಂಥದ ಕಟ್ಟಳೆ ಅಂತ ಹೇಳಿ ಮಗನನ್ನು ಸಾವಿಗೆ ಒಪ್ಪಿಸುತ್ತಾನೆ. ಇದನ್ನೂ ಶುನ್‌ನ ಕಥೆಯನ್ನೂ ಒಂದೇ ದಿನ ಓದಿ ನೋಡಿ. ಎರಡು ಪಂಥಗಳ ನಡುವಿನ ಜಗಳ ಎಷ್ಟು ಆಳದ್ದು ಅಂತ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಕುರಿಯ ಕೇಸಿಗೇ ವಾಪಸ್. ಹಾನ್ ಫೇಯ್ ಹಾನ್ ರಾಜ್ಯದ ರಾಜಮನೆತನದವನು. ಕ್ರಿ.ಪೂ. 233ರಲ್ಲಿ ಚಿನ್‌ನ ಸೆರೆಯಲ್ಲಿ ಸತ್ತ. ಅವನ 'ಐದು ಕೀಟಗಳು' ಎಂಬ ಅಧ್ಯಾಯದಲ್ಲಿ ಅದೇ ಮಗ ಬರುತ್ತಾನೆ, ಆದರೆ ಕಥೆ ಬೇರೆ ಕಡೆ ತಿರುಗುತ್ತದೆ. ದೂರು ಕೊಟ್ಟ ಮಗನನ್ನೇ ಅಲ್ಲಿನ ಮಂತ್ರಿ ಕೊಲ್ಲಿಸುತ್ತಾನೆ. ರಾಜನಿಗೆ ನೇರವಾಗಿ ನಡೆದ, ಅಪ್ಪನಿಗೆ ಕೆಟ್ಟವನಾದ ಅಂತ. ಇದರ ಪಕ್ಕದಲ್ಲೇ ಇನ್ನೊಂದು ಕಥೆ: ಲೂ ರಾಜ್ಯದ ಸಿಪಾಯಿಯೊಬ್ಬ ಮೂರು ಯುದ್ಧಗಳಲ್ಲೂ ಓಡಿಹೋದ. ಮನೆಯಲ್ಲಿ ಮುದಿ ಅಪ್ಪ ಇದ್ದಾನೆ, ನಾನು ಸತ್ತರೆ ನೋಡುವವರಿಲ್ಲ ಅಂದ. ಅಪ್ಪನ ಮೇಲೆ ಭಕ್ತಿ ಇರುವವನು ಅಂತ ಕನ್ಫ್ಯೂಷಿಯಸ್ ಅವನಿಗೆ ಬಡ್ತಿ ಕೊಡಿಸಿದ. ಆಮೇಲೆ ಏನಾಯಿತು? ಚೂನಲ್ಲಿ ಅಪರಾಧಗಳ ಸುದ್ದಿ ಮೇಲಿನವರಿಗೆ ಮುಟ್ಟದಾಯಿತು, ಲೂನಲ್ಲಿ ಸೈನಿಕರು ಸಲೀಸಾಗಿ ಓಡತೊಡಗಿದರು. ಹಾನ್ ಫೇಯ್ ಹೇಳುವುದು ಇಷ್ಟೇ: ಮನೆಯ ಹಿತ, ರಾಜ್ಯದ ಹಿತ ಎರಡೂ ಒಂದೇ ಅಂತ ನಟಿಸಬೇಡಿ. ರಾಜ್ಯದ ಕಾನೂನೇ ಎಲ್ಲಕ್ಕಿಂತ ಮೇಲು ಅನ್ನುವ ಅವನ ಪರಿಹಾರ ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರಶ್ನೆಯನ್ನು ಇಷ್ಟು ಪ್ರಾಮಾಣಿಕವಾಗಿ ಮೇಜಿನ ಮೇಲೆ ಇಟ್ಟವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ.

'ಲ್ಯೂಶಿ ಚುನ್‌ಚಿಯು'ದಲ್ಲೂ ಈ ಮಗ ಇದ್ದಾನೆ. ಅಲ್ಲಿ ಅವನು ಅಪ್ಪನನ್ನು ಹಿಡಿದುಕೊಟ್ಟು, ಮರಣದಂಡನೆ ಆದಾಗ ಅಪ್ಪನ ಬದಲು ನನ್ನನ್ನು ಕೊಲ್ಲಿ ಅನ್ನುತ್ತಾನೆ. ದೂರು ಕೊಟ್ಟದ್ದು ನಂಬಿಕಸ್ತನ ಕೆಲಸ, ಸಾಯಲು ಬಂದದ್ದು ಒಳ್ಳೆ ಮಗನ ಕೆಲಸ, ಇಂಥವನನ್ನು ಕೊಂದರೆ ರಾಜ್ಯದಲ್ಲಿ ಉಳಿಯುವವರು ಯಾರು ಅಂತ ಕೊಲ್ಲುವ ಮುನ್ನ ಆ ಮಗನೇ ಕೇಳುತ್ತಾನೆ. ರಾಜ ಬಿಟ್ಟುಬಿಡುತ್ತಾನೆ. ಕೇಳಿದ ಕನ್ಫ್ಯೂಷಿಯಸ್, ಒಬ್ಬ ಅಪ್ಪನನ್ನು ಬಳಸಿ ಎರಡು ಸಲ ಹೆಸರು ಗಳಿಸಿದ ಅನ್ನುತ್ತಾನಂತೆ. ಮೂರು ಪುಸ್ತಕ, ಒಂದೇ ಮಗ, ಮೂರು ತೀರ್ಪು. ಹೀಗಾಗಿ ಈ ಕಥೆಗಳನ್ನು ನಡೆದ ಘಟನೆ ಅಂತ ನಾನು ಓದುವುದಿಲ್ಲ, ವಾದದ ಅಸ್ತ್ರ ಅಂತ ಓದುತ್ತೇನೆ.

ವಾದ ಓದಿದರೆ ಸಾಲದು, ಕಾನೂನು ನಿಜವಾಗಿ ಹೇಗಿತ್ತು ಅಂತಲೂ ನೋಡಬೇಕು. ಮಂತ್ರಿ ಶಾಂಗ್ ಯಾಂಗ್ ಕ್ರಿ.ಪೂ. 4ನೇ ಶತಮಾನದಲ್ಲಿ ಚಿನ್‌ನಲ್ಲಿ ಐದೈದು, ಹತ್ತು ಹತ್ತು ಮನೆಗಳ ಗುಂಪು ಕಟ್ಟಿ, ಒಬ್ಬರ ಅಪರಾಧಕ್ಕೆ ಇನ್ನೊಬ್ಬರು ಹೊಣೆ ಅಂತ ಮಾಡಿದ. ಗೊತ್ತಿದ್ದೂ ಹೇಳದವನನ್ನು ಸೊಂಟದಲ್ಲಿ ಎರಡು ತುಂಡು ಮಾಡಬೇಕು ಎಂಬ ಕಟ್ಟಳೆ ಸಿಮಾ ಚಿಯನ್‌ನ ಇತಿಹಾಸದಲ್ಲಿದೆ. ಹಾಗಾದರೆ ಚಿನ್‌ನಲ್ಲಿ ಮಗ ಅಪ್ಪನ ಮೇಲೂ ದೂರು ಕೊಡಲೇಬೇಕಿತ್ತು ಅಂದುಕೊಳ್ಳುತ್ತೇವೆ ಅಲ್ವಾ? 1975ರಲ್ಲಿ ಹುಬೇ ಪ್ರಾಂತ್ಯದ ಯುನ್‌ಮೆಂಗ್ ಬಳಿ ಶುಯ್‌ಹುಡಿ ಎಂಬಲ್ಲಿ, ಚಿನ್ ಕಾಲದ ಒಬ್ಬ ಕೆಳಹಂತದ ಅಧಿಕಾರಿಯ ಗೋರಿಯಲ್ಲಿ, 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳು ಸಿಕ್ಕವು. ಅದರ ಕಾನೂನು ಪ್ರಶ್ನೋತ್ತರದಲ್ಲಿ ಇರುವುದು ಬೇರೆಯೇ: ಮಗ ಅಪ್ಪ ಅಮ್ಮನ ಮೇಲೆ ದೂರು ತಂದರೆ ಕೇಳಬೇಡಿ, ಹಟ ಹಿಡಿದರೆ ದೂರು ತಂದವನೇ ಅಪರಾಧಿ.

ಇದನ್ನು ಓದಿ ಕನ್ಫ್ಯೂಷಿಯಸ್ ಗೆದ್ದ ಅಂತ ಖುಷಿಪಡಬೇಡಿ. ಅದೇ ಪಟ್ಟಿಗಳ ಪ್ರಕಾರ, ಅಪ್ಪ ಅಮ್ಮ ತಮ್ಮ ಮಕ್ಕಳನ್ನಾಗಲಿ ಜೀತದಾಳನ್ನಾಗಲಿ ತಮ್ಮಿಷ್ಟಕ್ಕೆ ಅಂಗಹೀನ ಮಾಡಿದರೂ ಆ ಮಕ್ಕಳ, ಆಳುಗಳ ದೂರಿಗೆ ಜಾಗವಿರಲಿಲ್ಲ. ಹೊಸ್ತಿಲಲ್ಲಿ ಸರ್ಕಾರ ನಿಂತುಬಿಟ್ಟರೆ ಒಳಗೆ ಏಟು ತಿನ್ನುವವರು ಯಾರಿಗೆ ಹೇಳಬೇಕು? ಮನೆಯೊಳಗಿನ ಹಿಂಸೆಯ ಕೇಸುಗಳನ್ನು ನೋಡಿದ ನನಗೆ, ಅನಲೆಕ್ಟ್ಸ್‌ನ ಆ ಸುಂದರ ಉತ್ತರ ಅರ್ಧ ಮಾತ್ರ ಅನ್ನಿಸಿದ್ದು ಇಲ್ಲೇ.

ಮುಂದಿನ ದಾರಿ ಬೇಗ ಹೇಳಬಹುದು. ಮಕ್ಕಳು ತಂದೆ ತಾಯಿಯನ್ನು ಮರೆಮಾಡಿದರೆ ಅಪರಾಧವಲ್ಲ ಎಂದು ಕ್ರಿ.ಪೂ. 66ರಲ್ಲಿ ಹಾನ್ ವಂಶದ (ಹಾನ್ ಫೇಯ್‌ನ ಹಾನ್ ರಾಜ್ಯ ಬೇರೆ) ಚಕ್ರವರ್ತಿ ಶುವಾನ್ ಆಜ್ಞೆ ಹೊರಡಿಸಿದ. ಕ್ರಿ.ಶ. 653ರ ಟಾಂಗ್ ಸಂಹಿತೆಯಲ್ಲಿ, ರಾಜದ್ರೋಹದಂಥವನ್ನು ಬಿಟ್ಟರೆ, ತಂದೆ ತಾಯಿಯ ಮೇಲೆ ದೂರು ಕೊಟ್ಟವನಿಗೆ ಕತ್ತು ಬಿಗಿದು ಕೊಲ್ಲುವ ಶಿಕ್ಷೆ. 2012ರಲ್ಲಿ ಇಂದಿನ ಚೀನಾ ತನ್ನ ಕ್ರಿಮಿನಲ್ ಪ್ರಕ್ರಿಯಾ ಕಾನೂನು ತಿದ್ದಿದಾಗ, ಆರೋಪಿಯ ಗಂಡ ಅಥವಾ ಹೆಂಡತಿ, ತಂದೆ ತಾಯಿ, ಮಕ್ಕಳನ್ನು ಬಲವಂತದಿಂದ ಕೋರ್ಟಿಗೆ ಸಾಕ್ಷಿಗೆ ಕರೆತರುವಂತಿಲ್ಲ ಎಂದು ಸೇರಿಸಿತು.

ನೀವೂ ಹೀಗೆ ಓದುವುದಾದರೆ, ಕುರಿಯಾದ ಮೇಲೆ ಹಿಡಿಯಬಹುದಾದ ಪ್ರಶ್ನೆ ಒಂದಿದೆ: ದುಷ್ಟ ರಾಜನನ್ನು ಕೊಲ್ಲಬಹುದೇ? ಮೆನ್ಷಿಯಸ್‌ನ ಮೊದಲ ಪುಸ್ತಕದ ಎರಡನೆಯ ಭಾಗದಿಂದ ಶುರು ಮಾಡಿ. ಶಾಂಗ್ ವಂಶದ ಕೊನೆಯ ರಾಜನ ಬಗ್ಗೆ ಕೇಳಿದಾಗ, ಒಬ್ಬ ದುಷ್ಟನನ್ನು ಕೊಂದರು ಅಂತ ಕೇಳಿದ್ದೇನೆ, ರಾಜನನ್ನು ಕೊಂದರು ಅಂತ ಕೇಳಿಲ್ಲ ಅನ್ನುತ್ತಾನೆ. ಅದು ಮುಗಿದ ಕೂಡಲೇ ಹಾನ್ ಫೇಯ್‌ನ 51ನೇ ಅಧ್ಯಾಯ ತೆಗೆಯಿರಿ. ಮಧ್ಯೆ ಬೇರೆ ಏನೂ ಓದಬೇಡಿ.